ಚೀಟಿಗಳ ಒಡೆಯ: ಜೆ. ಎಡ್ಗರ್ ಹೂವರ್

ಅಮೆರಿಕದ ರಾಜಧಾನಿಯಾದ ವಾಷಿಂಗ್ಟನ್ನಿನಲ್ಲಿ, ಒಬ್ಬ ಸಾಮಾನ್ಯ ಸರ್ಕಾರಿ ನೌಕರನ ಮಗನಾಗಿ, ೧೮೯೫ನೆಯ ಇಸವಿ ಜನವರಿ ೧ರಂದು ಜಾನ್ ಎಡ್ಗರ್ ಹೂವರನು ಜನಿಸಿದನು. ಹಗಲು ಅಲ್ಲಿನ ಸಂಸತ್ತಿನ ಗ್ರಂಥಾಲಯದಲ್ಲಿ ದುಡಿದು, ರಾತ್ರಿ ತರಗತಿಗಳಲ್ಲಿ ಕಾನೂನು ಓದಿ, ೧೯೧೬ರಲ್ಲಿ ಪದವಿ ಪಡೆದನು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಆದುದರಿಂದ ಆತನ ಬಾಲ್ಯವನ್ನು ಓದುವಾಗ ನನಗೆ ಮೆಚ್ಚಿಗೆಯೇ ಉಂಟಾಯಿತೆಂಬುದನ್ನು ಮರೆಮಾಚಲಾರೆ. ಗ್ರಂಥಾಲಯದಲ್ಲಿ ಆತನು ಕಲಿತ ವಿದ್ಯೆ ಚೀಟಿಗಳನ್ನು ಜೋಡಿಸುವುದು. ಪುಸ್ತಕಕ್ಕೊಂದು ಚೀಟಿ, ಚೀಟಿ ಸಿಕ್ಕರೆ ಪುಸ್ತಕ ಸಿಕ್ಕಂತೆ. ಮುಂದೆ ಪುಸ್ತಕಗಳ ಸ್ಥಾನದಲ್ಲಿ ಮನುಷ್ಯರನ್ನಿಟ್ಟನು.

೧೯೧೯ರ ಜೂನ್ ೨ರಂದು ಅಲ್ಲಿನ ಹಲವು ನಗರಗಳಲ್ಲಿ ಅರಾಜಕತಾವಾದಿಗಳ ಬಾಂಬುಗಳು ಸಿಡಿದುವು. ಅಟಾರ್ನಿ ಜನರಲ್ ಪಾಮರನ ಮನೆಯ ಮುಂಭಾಗವೇ ಒಡೆದುಹೋಯಿತು. ಭಯಕ್ಕೆ ಕಾರಣವಿಲ್ಲದಿರಲಿಲ್ಲ. ಪಾಮರನು ಉಗ್ರಗಾಮಿಗಳ ಮೇಲೆ ಕಣ್ಣಿಡಲು ಒಂದು ಶಾಖೆ ತೆರೆದು, ಇಪ್ಪತ್ತನಾಲ್ಕರ ಹೂವರನನ್ನು ಅದಕ್ಕೆ ಮುಖ್ಯಸ್ಥನನ್ನಾಗಿ ಮಾಡಿದನು. ಚೀಟಿಗಳು ಬೆಳೆದುವು. ೧೯೨೦ರ ಜನವರಿಯ ದಾಳಿಗಳಲ್ಲಿ ಸಾವಿರಾರು ವಲಸೆಗಾರರು ಸೆರೆಯಾದರು. ಅನೇಕರ ಮೇಲೆ ವಾರಂಟೇ ಇರಲಿಲ್ಲ. ಕಾರ್ಮಿಕ ಇಲಾಖೆಯ ಲೂಯಿ ಪೋಸ್ಟ್ ಎಂಬ ಎಪ್ಪತ್ತರ ವೃದ್ಧ ಅಧಿಕಾರಿ ಕಡತಗಳನ್ನು ಒಂದೊಂದಾಗಿ ಪರಿಶೀಲಿಸಿ, ಸಾಕ್ಷ್ಯ ಸಾಲದೆಂದು ಸಾವಿರಕ್ಕೂ ಮಿಕ್ಕ ಗಡೀಪಾರು ಆಜ್ಞೆಗಳನ್ನು ರದ್ದುಮಾಡಿದನು. ಹೂವರನನ್ನು ಬಲ್ಲವರಲ್ಲಿ ಎಷ್ಟು ಮಂದಿ ಈ ಪೋಸ್ಟನನ್ನು ಬಲ್ಲರೋ!

೧೯೨೪ರಲ್ಲಿ ಹೂವರನು ತನಿಖಾ ಬ್ಯೂರೋದ ನಿರ್ದೇಶಕನಾದನು. ಅದೇ ೧೯೩೫ರಲ್ಲಿ ಎಫ್.ಬಿ.ಐ. ಎಂಬ ಹೆಸರು ಪಡೆಯಿತು. ಬೆರಳಚ್ಚಿನ ಸಂಗ್ರಹ, ೧೯೩೨ರ ಪ್ರಯೋಗಶಾಲೆ, ಸಿಬ್ಬಂದಿಯ ಶಿಸ್ತು, ಇವೆಲ್ಲ ಆತನ ಕೊಡುಗೆಗಳೇ.

ಆದರೆ ಆತನನ್ನು ಅಳೆಯಲು ೧೯೬೪ನೆಯ ಒಂದೇ ವರ್ಷ ಸಾಕು. ಆ ಜೂನಿನಲ್ಲಿ ಮಿಸಿಸಿಪ್ಪಿ ರಾಜ್ಯದಲ್ಲಿ, ಕಪ್ಪು ಜನರ ಮತದಾನದ ಹಕ್ಕಿಗಾಗಿ ದುಡಿಯುತ್ತಿದ್ದ ಮೂವರು ತರುಣರನ್ನು ಕೂ ಕ್ಲಕ್ಸ್ ಕ್ಲಾನಿನವರು ಕೊಂದರು. ಕೊಲೆಗಡುಕರೊಡನೆ ಸ್ಥಳೀಯ ಪೋಲೀಸಿನವನೂ ಇದ್ದನು. ಅಧ್ಯಕ್ಷ ಜಾನ್ಸನನ ಒತ್ತಾಯದಿಂದ ಹೂವರನ ಜನ ಹಳ್ಳಿಹಳ್ಳಿ ಸೋಸಿದರು. ೪೪ ದಿನಗಳ ಮೇಲೆ ಮಣ್ಣಿನ ಏರಿಯೊಂದರ ಅಡಿಯಲ್ಲಿ ಶವಗಳು ಸಿಕ್ಕಿದುವು. ಆಗ ರಾಜ್ಯ ಸರ್ಕಾರ ಕೊಲೆಯ ಮೊಕದ್ದಮೆ ಹೂಡಲಿಲ್ಲ. ೧೯೬೭ರಲ್ಲಿ ಫೆಡರಲ್ ನ್ಯಾಯಾಲಯದಲ್ಲಿ ಏಳು ಮಂದಿಗೆ ಅಪರಾಧ ಸ್ಥಿರಪಟ್ಟುದು ಈ ತನಿಖೆಯ ಫಲ.

ಅದೇ ೧೯೬೪ರ ನವೆಂಬರಿನಲ್ಲಿ ಅದೇ ಇಲಾಖೆ ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಸಹಿಯಿಲ್ಲದ ಪತ್ರವೊಂದನ್ನು ಕಳುಹಿಸಿತು. ಜೊತೆಗೆ ಅವರು ತಂಗಿದ್ದ ಹೋಟೆಲು ಕೋಣೆಗಳಲ್ಲಿ ಕದ್ದು ಮುದ್ರಿಸಿದ ಧ್ವನಿಸುರುಳಿ. ನೊಬೆಲ್ ಶಾಂತಿ ಪ್ರಶಸ್ತಿ ಸ್ವೀಕರಿಸಲು ಹೊರಡಲಿದ್ದವರನ್ನು ಆತ್ಮಹತ್ಯೆಗೆ ನೂಕುವ ಹಂಚಿಕೆ ಅದೆಂದು ಕಿಂಗ್ ತಿಳಿದರು. ಬಾಂಬು ಎಸೆದವನಿಗೂ ಮೆರವಣಿಗೆ ಹೊರಡಿಸಿದವನಿಗೂ ಹೂವರನ ಪೆಟ್ಟಿಗೆಯಲ್ಲಿ ಇದ್ದುದು ಒಂದೇ ಬಗೆಯ ಚೀಟಿ.

೧೯೫೬ರಿಂದ ಗುಟ್ಟಾಗಿ ನಡೆದಿದ್ದ ಈ ಕಾರ್ಯಾಚರಣೆ ಬಯಲಾದುದು ಕಳ್ಳತನದಿಂದ. ೧೯೭೧ರ ಮಾರ್ಚ್ ೮ರ ರಾತ್ರಿ, ಪೆನ್ಸಿಲ್ವೇನಿಯದ ಮೀಡಿಯಾ ಎಂಬ ಊರಿನ ಬ್ಯೂರೋ ಕಚೇರಿಯ ಬೀಗ ಮುರಿದು, ಕೆಲವರು ಕಡತಗಳನ್ನು ಹೊತ್ತೊಯ್ದು ಪತ್ರಿಕೆಗಳಿಗೆ ಕಳುಹಿಸಿದರು. ಮರುತಿಂಗಳು ಹೂವರನೇ ಅದನ್ನು ನಿಲ್ಲಿಸಿದನು. ನಿರ್ದೇಶಕನ ಅಧಿಕಾರಾವಧಿ ಹತ್ತು ವರ್ಷ ಮೀರಬಾರದೆಂದು ೧೯೭೬ರಲ್ಲಿ ಕಾನೂನಾಯಿತು. ಆತನಾದರೋ ೪೮ ವರ್ಷ, ಎಂಟು ಮಂದಿ ಅಧ್ಯಕ್ಷರ ಕಾಲದಲ್ಲಿ ಅದೇ ಕುರ್ಚಿಯಲ್ಲಿದ್ದು, ೧೯೭೨ರ ಮೇ ೨ರಂದು ಅಧಿಕಾರದಲ್ಲಿರುವಾಗಲೇ ತೀರಿಕೊಂಡನು. ಬಳಿಕ ಆತನ ಕಾರ್ಯದರ್ಶಿ ಹೆಲೆನ್ ಗ್ಯಾಂಡಿ ಹಲವು ವಾರ ಕುಳಿತು, ಖಾಸಗಿ ಪತ್ರಗಳೆಂದು ಹೇಳಿ, ಆತನ ಕಡತಗಳನ್ನು ನಾಶಮಾಡಿದಳು.