ಕ್ಯಾಮೆರಾದ ಭಾರ ಇಳಿಸಿದ ಆಸ್ಕರ್ ಬಾರ್ನಾಕ್

ಹಿರಿಯೂರು: ವಾಣಿವಿಲಾಸ ಸಾಗರ ಮೊದಲ ಬಾರಿ ಕೋಡಿ ಬಿದ್ದದ್ದು 1933ರಲ್ಲಿ, ಎರಡನೆಯ ಬಾರಿ ಬಿದ್ದದ್ದು 89 ವರ್ಷಗಳ ನಂತರ, 2022ರಲ್ಲಿ. ಈ ಎರಡು ಕೋಡಿಗಳ ನಡುವಿನ ಅವಧಿಯಲ್ಲಿ ಕ್ಯಾಮೆರಾ ಸ್ಟುಡಿಯೊದಿಂದ ಹೊರಬಂದು ಜನಸಾಮಾನ್ಯರ ಜೇಬು ಸೇರಿತು. ಈ ಪಯಣಕ್ಕೆ ದಾರಿ ಮಾಡಿಕೊಟ್ಟವರಲ್ಲಿ ಜರ್ಮನಿಯ ಯಂತ್ರಕುಶಲಿ ಆಸ್ಕರ್ ಬಾರ್ನಾಕ್ ಪ್ರಮುಖರು.

1879ರ ನವೆಂಬರ್ 1ರಂದು ಬ್ರಾಂಡೆನ್‌ಬರ್ಗ್ ಪ್ರಾಂತ್ಯದ ಲೀನೊ ಎಂಬ ಹಳ್ಳಿಯಲ್ಲಿ ಜನಿಸಿದ ಬಾರ್ನಾಕ್, ಬರ್ಲಿನ್ ಸಮೀಪ ಸೂಕ್ಷ್ಮ ಉಪಕರಣಗಳ ತಯಾರಿಕೆಯನ್ನು ಕಲಿತರು. 1902ರಲ್ಲಿ ಯೆನಾ ನಗರದ ಝೈಸ್ ಕಾರ್ಖಾನೆ ಸೇರಿದರು. ಇತ್ತ ಮಾರಿಕಣಿವೆಯಲ್ಲಿ ವೇದಾವತಿಗೆ ಅಣೆಕಟ್ಟು ಏಳುತ್ತಿದ್ದ ಕಾಲವದು.

ಬಾರ್ನಾಕ್ ಅವರಿಗೆ ಎರಡು ಹುಚ್ಚು: ಬೆಟ್ಟ ಸುತ್ತುವುದು, ಚಿತ್ರ ತೆಗೆಯುವುದು. ಅಂದಿನ ಕ್ಯಾಮೆರಾ ಎಂದರೆ ಮರದ ಪೆಟ್ಟಿಗೆ, 13x18 ಸೆಂ.ಮೀ. ಅಳತೆಯ ಗಾಜಿನ ಪ್ಲೇಟುಗಳು ಹಾಗೂ ಮೂರು ಕಾಲಿನ ಸ್ಟ್ಯಾಂಡು. ಆಸ್ತಮಾ ರೋಗಿಯಾಗಿದ್ದ ಅವರಿಗೆ ಇಷ್ಟನ್ನೂ ಹೊತ್ತು ಕಾಡುದಾರಿ ಏರುವುದು ದುಸ್ತರವಾಗಿತ್ತು. ಒಂದೇ ಪ್ಲೇಟಿನ ಮೇಲೆ ಹಲವು ಪುಟ್ಟ ಚಿತ್ರಗಳನ್ನು ಮೂಡಿಸಲು ಯತ್ನಿಸಿದರು. ಅವುಗಳನ್ನು ದೊಡ್ಡದು ಮಾಡಿದಾಗ ಗ್ರೇನ್ ಎಂದು ಕರೆಯಲಾಗುವ ಕಣಗಳು ಎದ್ದು ಕಂಡು ಚಿತ್ರ ಕೆಟ್ಟಿತು. ಈ ಕಣಗಳ ಕಾಟ ಅವರನ್ನು ಬಹುಕಾಲ ಬಿಡಲಿಲ್ಲ.

1911ರಲ್ಲಿ ಅವರು ವೆಟ್ಸ್‌ಲಾರ್‌ನ ಲೈಟ್ಸ್ ಸಂಸ್ಥೆಗೆ ಬಂದರು. ಅದು ಸೂಕ್ಷ್ಮದರ್ಶಕಗಳಿಗೆ ಹೆಸರಾದ ಸಂಸ್ಥೆ, ಕ್ಯಾಮೆರಾ ಅದರ ಕಸುಬಾಗಿರಲಿಲ್ಲ. ಅಲ್ಲಿ ಚಲನಚಿತ್ರದ 35 ಮಿ.ಮೀ. ಫಿಲ್ಮ್‌ನೊಡನೆ ಕೆಲಸ ಮಾಡುತ್ತಿದ್ದಾಗ ಅವರಿಗೆ ದಾರಿ ಕಂಡಿತು. ಸಿನಿಮಾದ 18x24 ಮಿ.ಮೀ. ಚೌಕಟ್ಟನ್ನು ಇಮ್ಮಡಿಗೊಳಿಸಿ 24x36 ಮಾಡಿದರು. 1914ರ ಹೊತ್ತಿಗೆ ಅಂಗೈಗೆ ಹಿಡಿಸುವ ಲೋಹದ ಕ್ಯಾಮೆರಾ ಸಿದ್ಧವಾಯಿತು. ಸಿನಿಮಾ ಫಿಲ್ಮ್ ಬಳಸುವ ಕ್ಯಾಮೆರಾಗಳನ್ನು ಬೇರೆಯವರೂ ಮಾಡಿದ್ದುಂಟು. ಆದರೆ ಬಾರ್ನಾಕ್ ಯಂತ್ರದಲ್ಲಿ ಫಿಲ್ಮ್ ಮುಂದೆ ಸರಿಸಿದೊಡನೆ ಷಟರ್ ಕೂಡ ಸಜ್ಜಾಗುತ್ತಿತ್ತು. ಒಂದು ಚಿತ್ರ ತೆಗೆದವನು ಕ್ಷಣದಲ್ಲೇ ಮತ್ತೊಂದಕ್ಕೆ ಅಣಿ. 1920ರಲ್ಲಿ ವೆಟ್ಸ್‌ಲಾರ್ ಬೀದಿಗಳಿಗೆ ಪ್ರವಾಹ ನುಗ್ಗಿದಾಗ ಬಾರ್ನಾಕ್ ಇದೇ ಬಗೆಯ ಪುಟ್ಟ ಕ್ಯಾಮೆರಾದಲ್ಲಿ ಚಿತ್ರ ತೆಗೆದರು.

ಮೊದಲ ಮಹಾಯುದ್ಧ, ಬಳಿಕ ಹಣದುಬ್ಬರ. ಯೋಜನೆ ಹತ್ತು ವರ್ಷ ನೆನೆಗುದಿಗೆ ಬಿತ್ತು. 1923-24ರಲ್ಲಿ ಪರೀಕ್ಷೆಗೆಂದು ಇಪ್ಪತ್ತಕ್ಕೂ ಹೆಚ್ಚು ಕ್ಯಾಮೆರಾಗಳನ್ನು ತಯಾರಿಸಲಾಯಿತಾದರೂ, ಇಷ್ಟು ಪುಟ್ಟ ನೆಗೆಟಿವ್‌ನಿಂದ ಒಳ್ಳೆಯ ಚಿತ್ರ ಬಂದೀತೆಂಬ ನಂಬಿಕೆ ಹಲವರಿಗಿರಲಿಲ್ಲ. ಸೋತರೆ ಕಾರ್ಖಾನೆಯ ನೌಕರರ ಅನ್ನಕ್ಕೇ ಸಂಚಕಾರ. ಆದರೂ 1924ರಲ್ಲಿ ಮಾಲೀಕ ಎರಡನೆಯ ಅರ್ನ್ಸ್ಟ್ ಲೈಟ್ಸ್ ತಯಾರಿಕೆಗೆ ಒಪ್ಪಿಗೆ ನೀಡಿದರು. ಮ್ಯಾಕ್ಸ್ ಬೆರೆಕ್ ರೂಪಿಸಿದ 50 ಮಿ.ಮೀ. ಮಸೂರದೊಂದಿಗೆ 1925ರ ಲೈಪ್‌ಝಿಗ್ ವಸಂತ ಮೇಳದಲ್ಲಿ 'ಲೈಕಾ' ಜನರ ಮುಂದೆ ಬಂತು. ಲೈಟ್ಸ್ ಮತ್ತು ಕ್ಯಾಮೆರಾ ಪದಗಳು ಕೂಡಿ ಆದ ಹೆಸರದು.

ಕ್ಯಾಮೆರಾದ ಮುಂದೆ ಜನ ಮೈ ಬಿಗಿಹಿಡಿದು ನಿಲ್ಲುವ ಕಾಲ ಅಲ್ಲಿಗೆ ಮುಗಿಯತೊಡಗಿತು. ಸಂತೆ, ಬೀದಿ, ಜಾತ್ರೆಗಳಲ್ಲಿ ಜನ ತಮ್ಮ ಪಾಡಿಗೆ ತಾವಿರುವಾಗಲೇ ಚಿತ್ರ ತೆಗೆಯುವುದು ಸುಲಭವಾಯಿತು. 1948ರಲ್ಲಿ ಮಹಾತ್ಮ ಗಾಂಧಿ ಅವರ ಕೊನೆಯ ದಿನವನ್ನೂ ಅಂತ್ಯಯಾತ್ರೆಯನ್ನೂ ಸೆರೆಹಿಡಿದ ಫ್ರಾನ್ಸಿನ ಹೆನ್ರಿ ಕಾರ್ಟಿಯೆ ಬ್ರೆಸನ್ ಲೈಕಾವನ್ನೇ ನೆಚ್ಚಿಕೊಂಡಿದ್ದವರು.

ಬಾರ್ನಾಕ್ ಅದನ್ನೆಲ್ಲ ಕಾಣಲಿಲ್ಲ. ಮಸೂರ ಬದಲಿಸುವ ಸೌಲಭ್ಯ 1930ರಲ್ಲಿ, ದೂರ ಅಳೆದು ಸ್ಪಷ್ಟತೆ ಹೊಂದಿಸುವ ವ್ಯವಸ್ಥೆ 1932ರಲ್ಲಿ ಲೈಕಾಕ್ಕೆ ಸೇರಿದವು. 1936ರ ಜನವರಿ 16ರಂದು, 56ನೇ ವಯಸ್ಸಿನಲ್ಲಿ ಅವರು ನಿಧನರಾದರು.

ಅವರು ನಿಗದಿಪಡಿಸಿದ 24x36 ಮಿ.ಮೀ. ಅಳತೆ ಡಿಜಿಟಲ್ ಯುಗದಲ್ಲೂ 'ಫುಲ್ ಫ್ರೇಮ್' ಹೆಸರಿನಲ್ಲಿ ಉಳಿದಿದೆ. ಬೀದಿ ಛಾಯಾಗ್ರಹಣದ ಆಸಕ್ತರು ಮೆಚ್ಚಿದ ಫ್ಯೂಜಿಫಿಲ್ಮ್ ಎಕ್ಸ್100 ಮಾಲಿಕೆಯ ಪುಟ್ಟ ಡಿಜಿಟಲ್ ಕ್ಯಾಮೆರಾಗಳು 2011ರಿಂದ ಬಂದವು. ಇವುಗಳಲ್ಲಿ ಪ್ರೊವಿಯಾ, ವೆಲ್ವಿಯಾ ಮುಂತಾದ ಹಳೆಯ ಫಿಲ್ಮ್‌ಗಳ ಬಣ್ಣ ಬರಿಸಬಹುದು; ಈಚಿನ ಮಾದರಿಗಳಲ್ಲಿ ಬೇಕೆಂದೇ ಕಣಗಳನ್ನೂ ಸೇರಿಸಬಹುದು. ಯಾವ ಕಣಗಳ ಕಾಟ ತಪ್ಪಿಸಲು ಬಾರ್ನಾಕ್ ಹೆಣಗಿದರೋ ಅದಕ್ಕೇ ಈಗ ಬೇಡಿಕೆ!

ಬಾರ್ನಾಕ್ ಸ್ವತಃ ಬಳಸುತ್ತಿದ್ದ, ಪರೀಕ್ಷಾ ತಂಡದ 105ನೇ ಸಂಖ್ಯೆಯ ಕ್ಯಾಮೆರಾ 2022ರ ಜೂನ್‌ನಲ್ಲಿ 1 ಕೋಟಿ 44 ಲಕ್ಷ ಯೂರೊಗೆ ಹರಾಜಾಯಿತು. ಅದರ ವ್ಯೂಫೈಂಡರ್ ಮೇಲೆ ಅವರ ಹೆಸರು ಕೆತ್ತಲಾಗಿದೆ.