ಖಾಲಿ ಡಬ್ಬಿಯೇ ಗುಂಡು: ಮೆರಿವೆದರ್ ಲೂಯಿಸ್

ಫೌಂಡ್ರಿ ಲ್ಯಾಬಿನಲ್ಲಿ ಒಂದು ಸಲವಾದರೂ ಎರಕ ಹೊಯ್ದವರಿಗೆ ಗೊತ್ತಿರುತ್ತೆ, ಕರಗಿಸೋದು, ಅಚ್ಚಿಗೆ ಸುರಿಯೋದು ಅರ್ಧ ಗಂಟೆ ಕೆಲಸ. ಲೋಹ ಹೊಂದಿಸೋದೇ ತಲೆನೋವು. ನಮಗಾದರೆ ಸ್ಟೋರ್ಸ್ ಇದೆ, ಪಕ್ಕದಲ್ಲೇ ಗುಜರಿ ಅಂಗಡಿ ಇದೆ. ಮುಂದಿನ ಎರಡೂವರೆ ವರ್ಷ ಯಾವ ಅಂಗಡಿಯೂ ಸಿಗೋದಿಲ್ಲ, ಊಟ ಬೇಕಂದ್ರೆ ಬೇಟೆಯಾಡಬೇಕು, ಬೇಟೆಗೆ ಗುಂಡು ಬೇಕು, ಗುಂಡಿಗೆ ಸೀಸ ಬೇಕು ಅಂತಾದರೆ ಏನು ಮಾಡೋದು? ಈ ಪ್ರಶ್ನೆಗೆ 1803ರಲ್ಲಿ 28 ವರ್ಷದ ಒಬ್ಬ ಸೈನಿಕ ಕಂಡುಕೊಂಡ ಉತ್ತರ ನಮಗೆ ಬಹಳ ಇಷ್ಟವಾಯಿತು. ಹಾಗಾಗಿ ಈ ಸಲ ಅವನ ಕಥೆ.

ಮೆರಿವೆದರ್ ಲೂಯಿಸ್ ಹುಟ್ಟಿದ್ದು 1774ರ ಆಗಸ್ಟ್ 18ರಂದು, ಅಮೆರಿಕದ ವರ್ಜೀನಿಯಾದಲ್ಲಿ. ಗುಲಾಮರನ್ನು ದುಡಿಸುತ್ತಿದ್ದ ತೋಟದ ಮನೆತನ. ಐದು ವರ್ಷದವನಿದ್ದಾಗ ತಂದೆ ತೀರಿಕೊಂಡರು. ತಾಯಿ ಲೂಸಿ ಗಿಡಮೂಲಿಕೆಯ ಔಷಧ ಕೊಡುವುದರಲ್ಲಿ ಹೆಸರು ಮಾಡಿದ್ದವರು. ಗಿಡ ನೋಡುವ ಕಣ್ಣು ಮಗನಿಗೆ ಅಲ್ಲಿಂದಲೇ ಬಂದಿರಬೇಕು. 1794ರಲ್ಲಿ ಸೈನ್ಯದ ಕಡೆ ಹೋದ. ಅಲ್ಲಿ ಕೆಲವು ತಿಂಗಳು ಅವನಿಗೆ ಮೇಲಧಿಕಾರಿಯಾಗಿದ್ದವನು ವಿಲಿಯಂ ಕ್ಲಾರ್ಕ್. ಇಬ್ಬರ ಹೆಸರನ್ನೂ ನಾವು ಇವತ್ತು ಒಂದೇ ಉಸಿರಲ್ಲಿ ಹೇಳ್ತೇವಲ್ಲ, ಆ ಸ್ನೇಹ ಶುರುವಾದದ್ದು ಹೀಗೆ. 1801ರಲ್ಲಿ ಹೊಸದಾಗಿ ಅಧ್ಯಕ್ಷರಾದ ಥಾಮಸ್ ಜೆಫರ್ಸನ್, ತಮ್ಮ ಊರ ಕಡೆಯ ಈ ಹುಡುಗನನ್ನು ಖಾಸಗಿ ಕಾರ್ಯದರ್ಶಿ ಮಾಡಿಕೊಂಡರು. ಆಮೇಲೆ ಅವನ ಕೈಗೆ ಒಂದು ದೊಡ್ಡ ಕೆಲಸ ಕೊಟ್ಟರು: ಮಿಸೌರಿ ನದಿ ಹಿಡಿದು ಮೇಲಕ್ಕೆ ಹೋಗು, ಬೆಟ್ಟ ದಾಟು, ಪೆಸಿಫಿಕ್ ಸಾಗರ ಮುಟ್ಟಿ ವಾಪಸ್ ಬಾ. ಸಂಸತ್ತು ಮಂಜೂರು ಮಾಡಿದ್ದು 2,500 ಡಾಲರ್.

1803ರಲ್ಲಿ ಲೂಯಿಸ್ ಫಿಲಡೆಲ್ಫಿಯಾ ಕಡೆಗೆ ಹೋಗಿ ವಿದ್ವಾಂಸರ ಹತ್ತಿರ ಕ್ರ್ಯಾಶ್ ಕೋರ್ಸ್ ಮಾಡಿದ. ನಕ್ಷತ್ರ ನೋಡಿ ಸ್ಥಾನ ಗುರುತಿಸೋದು, ಸಸ್ಯಶಾಸ್ತ್ರ, ವೈದ್ಯ, ಎಲ್ಲವೂ ಕೆಲವೇ ವಾರಗಳಲ್ಲಿ. ಜೊತೆಜೊತೆಗೇ ಖರೀದಿ. ಹಾರ್ಪರ್ಸ್ ಫೆರಿಯ ಸರ್ಕಾರಿ ಶಸ್ತ್ರಾಗಾರದಿಂದ 15 ರೈಫಲ್, ಅವಕ್ಕೆ ಗುಂಡಿನ ಅಚ್ಚು. ಆ ಕಾಲದ ಕೋವಿಗೆ ಇವತ್ತಿನಂಥ ಲೋಹದ ಕಾರ್ಟ್ರಿಜ್ ಇಲ್ಲ. ನಳಿಗೆಯ ಬಾಯಿಂದ ಮದ್ದು ಸುರಿದು, ಬಟ್ಟೆ ಸುತ್ತಿದ ಸೀಸದ ಗುಂಡನ್ನು ಗಜದಿಂದ ತಳ್ಳಬೇಕು. ಸೀಸ ನೆನೆದರೂ ಚಿಂತೆಯಿಲ್ಲ. ಮದ್ದು ನೆನೆದರೆ ಕಥೆ ಮುಗೀತು. ಮದ್ದನ್ನು ಮರದ ಪೀಪಾಯಿಯಲ್ಲಿ ತುಂಬೋದು ರೂಢಿ, ಇವನು ಹೋಗಬೇಕಾದದ್ದು ದೋಣಿಯಲ್ಲಿ, ಹುಚ್ಚು ಹೊಳೆಯಲ್ಲಿ. ನೀರು ಹೊಗೋದಕ್ಕೆ ಒಂದು ಸಂದು ಸಾಕು.

ಲೂಯಿಸ್ ಮಾಡಿದ್ದು ಇಷ್ಟು. 420 ಪೌಂಡ್ ಸೀಸದ ತಗಡು ಕೊಂಡ. ಫಿಲಡೆಲ್ಫಿಯಾದ ಒಬ್ಬ ಪ್ಲಂಬರ್ ಕೈಯಲ್ಲಿ 52 ಡಬ್ಬಿ ಮಾಡಿಸಿದ. (ಪ್ಲಂಬರ್ ಅನ್ನುವ ಪದವೇ ಸೀಸದ ಲ್ಯಾಟಿನ್ ಹೆಸರು ಪ್ಲಂಬಮ್‌ನಿಂದ ಬಂದದ್ದು. ಆವರ್ತ ಕೋಷ್ಟಕದ ಪಿಬಿ ನೆನಪಿಸಿಕೊಳ್ಳಿ.) ಒಂದೊಂದು ಡಬ್ಬಿಗೆ 8 ಪೌಂಡ್ ಸೀಸ, ಒಳಗೆ 4 ಪೌಂಡ್ ಮದ್ದು, ಬಾಯಿಗೆ ಬಿಗಿಯಾದ ಬಿರಡೆ. ಮದ್ದು ಖಾಲಿಯಾದ ಮೇಲೆ ಡಬ್ಬಿಯನ್ನೇ ಕರಗಿಸಿ ಗುಂಡು ಹೊಯ್ಯೋದು. ಸೀಸ ಕರಗೋದು 327 ಡಿಗ್ರಿಗೆ, ಅಡುಗೆ ಬೆಂಕಿ ಸಾಕು, ಕುಲುಮೆ ಬೇಡ.

ಸೊಗಸು ಇರೋದು 8 ಮತ್ತು 4ರ ಲೆಕ್ಕದಲ್ಲಿ. ಕ್ಯಾಲ್ಕುಲೇಟರ್ ತೆಗೀರಿ. ಗುಂಡಿನ ವ್ಯಾಸ ಅರ್ಧ ಇಂಚು ಅಂತ ಇಟ್ಟುಕೊಂಡರೆ, ಸೀಸದ ಸಾಂದ್ರತೆ 11.34, ಒಂದು ಗುಂಡಿನ ತೂಕ ಸುಮಾರು 12 ಗ್ರಾಂ. 8 ಪೌಂಡ್ ಅಂದ್ರೆ 3.6 ಕೆಜಿ, ಅಂದರೆ ಹತ್ತಿರ ಹತ್ತಿರ 300 ಗುಂಡು. 4 ಪೌಂಡ್ ಮದ್ದನ್ನು 300ಕ್ಕೆ ಹಂಚಿದರೆ ಒಂದು ಹೊಡೆತಕ್ಕೆ 6 ಗ್ರಾಂ. ಅಂಥ ಕೋವಿಗೆ ಬೇಕಾದದ್ದೂ ಹೆಚ್ಚುಕಡಿಮೆ ಅಷ್ಟೇ! ಡಬ್ಬಿಯಲ್ಲಿರುವ ಮದ್ದಿಗೆ ಎಷ್ಟು ಗುಂಡು ಬೇಕೋ ಅಷ್ಟು ಸೀಸ ಡಬ್ಬಿಯ ಗೋಡೆಯಲ್ಲೇ ಇದೆ. ಎಸೆಯುವುದಕ್ಕೆ ಪ್ಯಾಕಿಂಗೇ ಇಲ್ಲ.

ತಗಡಿನ ಸೀಸ ಶುದ್ಧ, ಮೆತ್ತಗೆ, ಅದೂ ಅನುಕೂಲವೇ. ಇವತ್ತಿಗೂ ಹಳೇ ಮಾದರಿ ಕೋವಿಗೆ ತಾವೇ ಗುಂಡು ಹೊಯ್ಯುವ ಅಮೆರಿಕದ ಹವ್ಯಾಸಿಗಳು ಗುಜರಿಯಲ್ಲಿ ಹುಡುಕೋದು ಹಳೇ ಮನೆಯ ಸೀಸದ ಪೈಪು, ಮಾಡಿನ ತಗಡು ಇಂಥವನ್ನೇ. ಕಾರಿನ ಚಕ್ರಕ್ಕೆ ಬಡಿಯುವ ಬ್ಯಾಲೆನ್ಸಿಂಗ್ ತೂಕದಲ್ಲಿ ಆಂಟಿಮನಿ ಬೆರೆತಿರುತ್ತೆ, ಗಟ್ಟಿ, ನಳಿಗೆಯಲ್ಲಿ ಸರಿಯಾಗಿ ಕೂರೋದಿಲ್ಲ.

1804ರ ಮೇ 14ಕ್ಕೆ ತಂಡ ಹೊರಟಿತು. ಸರಿಯಾಗಿ ಒಂದು ವರ್ಷಕ್ಕೆ, 1805ರ ಮೇ 14ರಂದು, ಗಾಳಿ ಬಡಿದು ಒಂದು ದೋಣಿ ಮಗ್ಗುಲಾಗಿ ನೀರು ತುಂಬಿತು. ಚುಕ್ಕಾಣಿ ಹಿಡಿದವನು ಹೆದರಿ ಕೈಬಿಟ್ಟ. ಅವನನ್ನು ಗದರಿಸಿ ದೋಣಿ ಉಳಿಸಿದವನು ಪಿಯೆರ್ ಕ್ರೂಜಾಟ್ ಎಂಬ ಅಂಬಿಗ. ತೇಲಿಹೋಗುತ್ತಿದ್ದ ಸಾಮಾನನ್ನು ಕೂತಲ್ಲೇ ಬಾಚಿಕೊಂಡವಳು ಶೋಶೋನಿ ಬುಡಕಟ್ಟಿನ ಸಕಾಗವಿಯಾ. ಲೂಯಿಸ್ ಆಚೆ ದಡದಲ್ಲಿ ನಿಂತು ಕೂಗೋದು ಬಿಟ್ಟರೆ ಬೇರೇನೂ ಮಾಡೋಕಾಗಲಿಲ್ಲ. ಕ್ರೂಜಾಟ್ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರ್ತಾನೆ.

ಲೂಯಿಸನ ಎಲ್ಲ ಡಿಸೈನೂ ಪಾಸಾಯಿತು ಅಂದುಕೊಳ್ಳಬೇಡಿ. ಬಿಚ್ಚಿ ಜೋಡಿಸುವ 36 ಅಡಿಯ ಕಬ್ಬಿಣದ ದೋಣಿ ಚೌಕಟ್ಟು ಅವನ ಮುದ್ದಿನ ಪ್ರಾಜೆಕ್ಟ್. ಹಾರ್ಪರ್ಸ್ ಫೆರಿಯಲ್ಲಿ ಅದಕ್ಕಾಗಿ ಸುಮಾರು ತಿಂಗಳು ಕಳೆದಿದ್ದ. ಮಿಸೌರಿಯ ದೊಡ್ಡ ಜಲಪಾತಗಳ ಮೇಲೆ ಅದನ್ನು ಜೋಡಿಸಿ, 28 ಎಲ್ಕ್ ಜಿಂಕೆಯ ಚರ್ಮ, 4 ಕಾಡುಕೋಣದಂಥ ಬಫಲೋ ಚರ್ಮ ಹೊದಿಸಿದರು. ಹೊಲಿಗೆ ಮುಚ್ಚೋಕೆ ಪೈನ್ ಮರದ ಡಾಂಬರು ಬೇಕು, ಸುತ್ತಮುತ್ತ ಪೈನ್ ಮರವೇ ಇಲ್ಲ! ಇದ್ದಿಲು, ಜೇನುಮೇಣ, ಕೊಬ್ಬು ಕಲಸಿ ಬಳಿದರು. 1805ರ ಜುಲೈ 9ರಂದು ನೀರಿಗಿಳಿಸಿದಾಗ ಮೊದಲಿಗೆ ಚೆನ್ನಾಗಿ ತೇಲಿತು, ಸಂಜೆ ಹೊತ್ತಿಗೆ ಬಳಿದದ್ದೆಲ್ಲ ಕಿತ್ತುಬಂದು ಸೋರಿತು. ಚೌಕಟ್ಟನ್ನು ಹೂತಿಟ್ಟು ಮರ ಕೊರೆದು ದೋಣಿ ಮಾಡಿಕೊಂಡರು. ಡಬ್ಬಿಗೆ ಬೇಕಾದ್ದೆಲ್ಲ ಡಬ್ಬಿಯಲ್ಲೇ ಇತ್ತು. ದೋಣಿಗೆ ಬೇಕಾದ ಒಂದು ವಸ್ತುವನ್ನು ದಾರಿಯಲ್ಲಿ ಸಿಗುತ್ತೆ ಅಂತ ಬಿಟ್ಟಿದ್ದರು. ಪ್ರಾಜೆಕ್ಟ್ ಮಾಡುವ ಫೈನಲ್ ಇಯರ್ ಗೆಳೆಯರು ಬೇಕಾದರೆ ಒಂದು ನಿಮಿಷ ಮೌನ ಆಚರಿಸಬಹುದು.

ಸಾಗರ ಮುಟ್ಟಿ, ಮಳೆ ನಿಲ್ಲದ ಫೋರ್ಟ್ ಕ್ಲಾಟ್ಸಪ್‌ನಲ್ಲಿ ಚಳಿಗಾಲ ಕಳೆಯುವಾಗ, 1806ರ ಫೆಬ್ರವರಿ 1ರಂದು ಲೂಯಿಸ್ ಉಳಿದ ಡಬ್ಬಿಗಳನ್ನು ತೆಗೆದು ಪರೀಕ್ಷೆ ಮಾಡಿದ. 35 ಡಬ್ಬಿಯ ಮದ್ದು ತುಂಬಿದ ದಿನ ಹೇಗಿತ್ತೋ ಹಾಗೇ ಒಣಗಿತ್ತು. ಅವೆಲ್ಲ ಬೇರೆ ಬೇರೆ ಹೊತ್ತಿನಲ್ಲಿ ಗಂಟೆಗಟ್ಟಲೆ ನೀರಲ್ಲಿ ಬಿದ್ದಿದ್ದವು. ಕೆಟ್ಟದ್ದು ಐದೇ: ಮೂರು ಪೆಟ್ಟು ಬಿದ್ದು ಸೀಳಿದ್ದವು, ಒಂದಕ್ಕೆ ಬಿರಡೆ ಸರಿಯಾಗಿ ಹಾಕಿರಲಿಲ್ಲ, ಒಂದಕ್ಕೆ ಮೊಳೆ ತೂರಿತ್ತು. ಈ ಉಪಾಯ ಇಲ್ಲದಿದ್ದರೆ ಒಂದು ಹೊಡೆತಕ್ಕೂ ಮದ್ದು ಉಳಿಯುತ್ತಿರಲಿಲ್ಲ ಅಂತ ಡೈರಿಯಲ್ಲಿ ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದಾನೆ. ತಟ್ಟಿಕೊಳ್ಳಲಿ ಬಿಡಿ. ಡಬ್ಬಿಗಳನ್ನು ಒಂದೇ ದೋಣಿಯಲ್ಲಿ ಇಡದೆ ಎಲ್ಲ ದೋಣಿಗಳಿಗೂ ಹಂಚಿದ್ದ, ಒಂದು ಮುಳುಗಿದರೂ ಉಳಿದದ್ದು ಇರಲಿ ಅಂತ. ಅದೇ ಮಾರ್ಚ್ ಹೊತ್ತಿಗೆ ವ್ಯಾಪಾರಕ್ಕೆ ತಂದ ಚಿಲ್ಲರೆ ಸಾಮಾನು ಎರಡು ಕರವಸ್ತ್ರದಲ್ಲಿ ಕಟ್ಟುವಷ್ಟೇ ಉಳಿದಿತ್ತು.

ವಾಪಸ್ ಬರುವಾಗ ಮೇ ತಿಂಗಳಲ್ಲಿ ನೆಜ್ ಪರ್ಸ್ ಬುಡಕಟ್ಟಿನ ಒಬ್ಬ ಮನುಷ್ಯ ಎರಡು ಡಬ್ಬಿ ತಂದುಕೊಟ್ಟ. ಹೋಗುವಾಗ ಇವರು ಹೂತಿಟ್ಟಿದ್ದನ್ನು ಅವನ ನಾಯಿ ಕೆದಕಿ ತೆಗೆದಿತ್ತು. ಮದ್ದು, ಸೀಸ ಎರಡೂ ಅಲ್ಲಿ ಚಿನ್ನದಂಥ ವಸ್ತು, ಇಟ್ಟುಕೊಂಡಿದ್ದರೆ ಕೇಳುವವರಿರಲಿಲ್ಲ. ಇವರು ಪ್ರತಿಯಾಗಿ ಕೊಟ್ಟದ್ದು ಬೆಂಕಿ ಹೊತ್ತಿಸುವ ಒಂದು ಉಕ್ಕಿನ ತುಂಡು. ನಮಗೇನೋ ಅದು ಕಡಿಮೆ ಅನ್ನಿಸಿತು. ಜುಲೈನಲ್ಲಿ ಜಲಪಾತದ ಹತ್ತಿರ ಹೂತಿಟ್ಟದ್ದನ್ನು ಅಗೆದಾಗ, ನೀರು ನುಗ್ಗಿ ಲೂಯಿಸ್ ಕೂಡಿಸಿದ್ದ ಗಿಡಗಳ ಮಾದರಿಯೆಲ್ಲ ಕೊಳೆತುಹೋಗಿತ್ತು. ಅದೇ ತಿಂಗಳ 27ರಂದು ಪಿಗನ್ ಬುಡಕಟ್ಟಿನವರ ಜೊತೆ ಜಗಳವಾಗಿ, ಅವರ ಕಡೆಯ ಇಬ್ಬರು ಸತ್ತರು. ಒಬ್ಬನಿಗೆ ಗುಂಡು ಹಾರಿಸಿದ್ದು ಲೂಯಿಸನೇ.

ಆಗಸ್ಟ್ 11ಕ್ಕೆ ಎಲ್ಕ್ ಬೇಟೆಗೆ ಹೋದಾಗ ಪೊದೆಯಿಂದ ಬಂದ ಒಂದು ಗುಂಡು ಲೂಯಿಸನ ಕುಂಡೆಗೇ ಬಿತ್ತು. ಮೊದಲು ಶತ್ರುಗಳೇ ಬಂದರು ಅಂದುಕೊಂಡ. ಆಮೇಲೆ ನೋಡಿದರೆ ಗುಂಡು ಅವನ ಚರ್ಮದ ಚಲ್ಲಣದಲ್ಲೇ ಸಿಕ್ಕಿಕೊಂಡಿತ್ತು, ಅದು ತಮ್ಮದೇ ಸೈನ್ಯದ ಗಿಡ್ಡ ರೈಫಲ್ಲಿನ ಗುಂಡು. ಹೊಡೆದವನು ಜೊತೆಗೆ ಹೋಗಿದ್ದ ಕ್ರೂಜಾಟ್. ಅವನಿಗೆ ಒಂದೇ ಕಣ್ಣು, ಅದೂ ದೂರದ್ದು ಸರಿಯಾಗಿ ಕಾಣದು. ಚರ್ಮದ ಬಟ್ಟೆಯ ಲೂಯಿಸನನ್ನು ಎಲ್ಕ್ ಅಂದುಕೊಂಡಿದ್ದ. ಲೂಯಿಸ್ ಕೆಲವು ವಾರ ದೋಣಿಯಲ್ಲಿ ಬೋರಲು ಮಲಗಿಯೇ ಪ್ರಯಾಣ ಮಾಡಿದ. 1806ರ ಸೆಪ್ಟೆಂಬರ್ 23ಕ್ಕೆ ಸೇಂಟ್ ಲೂಯಿಸ್ ತಲುಪಿದರು. ಉಳಿದ ರೈಫಲ್, ಮದ್ದು, ಸೀಸ, ಪಾತ್ರೆ ಎಲ್ಲ ಹರಾಜಾಗಿ ಸುಮಾರು 400 ಡಾಲರ್ ಬಂತು.

1807ರಲ್ಲಿ ಅವನನ್ನು ಲೂಯಿಸಿಯಾನ ಪ್ರಾಂತ್ಯದ ಗವರ್ನರ್ ಮಾಡಿದರು. ಕುರ್ಚಿಯ ಕೆಲಸ ಅವನಿಗೆ ಒಗ್ಗಲಿಲ್ಲ. ಮದುವೆಯಾಗಲಿಲ್ಲ, ಕುಡಿತ, ಸಾಲ, ಕಾಯಿಲೆ. ಸರ್ಕಾರದ ಕೆಲಸಕ್ಕೆ ಅವನು ಖರ್ಚು ಮಾಡಿದ ಬಿಲ್ಲುಗಳನ್ನು ವಾಷಿಂಗ್ಟನ್ ಕಚೇರಿ ತಿರಸ್ಕರಿಸತೊಡಗಿತು, ಆ ಹಣವೂ ಅವನ ತಲೆಗೇ ಬಂತು. ಪ್ರವಾಸದ ಪುಸ್ತಕ ಬರೆಯುತ್ತೇನೆ ಅಂತ ಪ್ರಕಟಣೆ ಕೊಟ್ಟಿದ್ದ, ಪ್ರಕಾಶಕರಿಗೆ ಒಂದು ಸಾಲೂ ಕಳಿಸಲಿಲ್ಲ. ಲೆಕ್ಕ ಒಪ್ಪಿಸಲು ಡೈರಿಗಳನ್ನೂ ಕಟ್ಟಿಕೊಂಡು ವಾಷಿಂಗ್ಟನ್‌ಗೆ ಹೊರಟವನು, 1809ರ ಅಕ್ಟೋಬರ್ 11ರಂದು ಟೆನೆಸಿಯ ಕಾಡುದಾರಿಯ ಒಂದು ವಸತಿಯಲ್ಲಿ ಗುಂಡಿನ ಗಾಯಗಳಿಂದ ತೀರಿಕೊಂಡ. ವಯಸ್ಸು 35. ಆತ್ಮಹತ್ಯೆ ಅಂತ ಜೆಫರ್ಸನ್ನೂ ಕ್ಲಾರ್ಕನೂ ನಂಬಿದರು. ಕೊಲೆ ಅನ್ನುವವರು ಇವತ್ತಿಗೂ ಇದ್ದಾರೆ. ಡೈರಿಗಳು ಉಳಿದವು. ಕ್ಲಾರ್ಕ್ ಅವನ್ನು ನಿಕೋಲಸ್ ಬಿಡ್ಲ್ ಎಂಬ ವಕೀಲನ ಕೈಗೆ ಒಪ್ಪಿಸಿದ, ಪುಸ್ತಕ 1814ರಲ್ಲಿ ಹೊರಬಂತು.