ಬ್ಯಾಟರಿಗೆ ಮರುಜೀವ ಕೊಟ್ಟ ಗಾಸ್ಟನ್ ಪ್ಲಾಂಟೆ

ಕಾರಿನ ಕೀಲಿ ತಿರುಗಿಸಿದೊಡನೆ ಎಂಜಿನ್ ಎಚ್ಚರಗೊಳ್ಳುತ್ತದೆ. ಆ ಕ್ಷಣದ ಬಲ ಬರುವುದು ಬ್ಯಾಟರಿಯಿಂದ. ಆ ಬ್ಯಾಟರಿಯ ಹಿಂದೆ ಒಬ್ಬ ಫ್ರೆಂಚ್ ಅಧ್ಯಾಪಕರ ಅಪಾರ ತಾಳ್ಮೆಯಿದೆ. ಅವರೇ ಗಾಸ್ಟನ್ ಪ್ಲಾಂಟೆ.

ಪ್ಲಾಂಟೆ 1834ರ ಏಪ್ರಿಲ್ 22ರಂದು ಫ್ರಾನ್ಸಿನ ಒರ್ತೆಜ್ ಎಂಬಲ್ಲಿ ಜನಿಸಿದರು. 1854ರಲ್ಲಿ ಪ್ಯಾರಿಸ್‌ನ ತಾಂತ್ರಿಕ ಶಿಕ್ಷಣ ಸಂಸ್ಥೆಯೊಂದರಲ್ಲಿ ಭೌತಶಾಸ್ತ್ರದ ಸಹಾಯಕರಾಗಿ ಸೇರಿದರು. ಮರುವರ್ಷ ಪ್ಯಾರಿಸ್ ಬಳಿ ಹಾರಲಾರದ ದೈತ್ಯ ಹಕ್ಕಿಯೊಂದರ ಪಳೆಯುಳಿಕೆ ಅವರಿಗೆ ಸಿಕ್ಕಿತು. ಅವರ ಗೌರವಾರ್ಥ ಆ ಹಕ್ಕಿಗೆ ಗಾಸ್ಟಾರ್ನಿಸ್ ಎಂಬ ಹೆಸರು ಬಂತು.

ಆಗಿನ ಬ್ಯಾಟರಿಗಳ ರಾಸಾಯನಿಕ ಒಮ್ಮೆ ತೀರಿದರೆ ಕಥೆ ಮುಗಿದಂತೆ. 1859ರಲ್ಲಿ ಪ್ಲಾಂಟೆ ಸೀಸದ ಎರಡು ಹಾಳೆಗಳ ನಡುವೆ ರಬ್ಬರ್ ಪಟ್ಟಿಗಳನ್ನಿಟ್ಟು, ಸುರುಳಿ ಸುತ್ತಿ, ನೀರು ಬೆರೆತ ಗಂಧಕಾಮ್ಲದಲ್ಲಿ ಮುಳುಗಿಸಿದರು. ಅದು ತುಂಬಿದ ವಿದ್ಯುತ್ತನ್ನು ಹಿಂದಿರುಗಿಸಿತು. ಮತ್ತೆ ತುಂಬಿದಾಗ ಮತ್ತೆ ಕೊಟ್ಟಿತು. 1860ರಲ್ಲಿ ಒಂಬತ್ತು ಕೋಶಗಳ ಬ್ಯಾಟರಿಯನ್ನು ಫ್ರೆಂಚ್ ವಿಜ್ಞಾನ ಅಕಾಡೆಮಿಯ ಮುಂದಿಟ್ಟರು.

ಆದರೆ ಹೊಸ ಕೋಶದಲ್ಲಿ ಹೆಚ್ಚು ವಿದ್ಯುತ್ ನಿಲ್ಲುತ್ತಿರಲಿಲ್ಲ. ತುಂಬಿಸುವುದು, ಖಾಲಿ ಮಾಡುವುದು, ದಿಕ್ಕು ಬದಲಿಸಿ ಮತ್ತೆ ತುಂಬಿಸುವುದು, ಹೀಗೆ ತಿಂಗಳುಗಟ್ಟಲೆ ಪಳಗಿಸಬೇಕಿತ್ತು. ಒಳ್ಳೆಯ ಡೈನಮೋಗಳಿಲ್ಲದ ಕಾಲ. ಚಾರ್ಜ್ ಮಾಡಲೂ ಹಳೆಯ ಬಗೆಯ ಬ್ಯಾಟರಿಗಳೇ ಗತಿ. ಹಾಗಾಗಿ ಅವರ ಶೋಧ ಬಹುಕಾಲ ಪ್ರಯೋಗಶಾಲೆಯಲ್ಲೇ ಉಳಿಯಿತು. ಡೈನಮೋ ಬಂದ ಮೇಲೆ, 1881ರಲ್ಲಿ ಕ್ಯಾಮಿಲ್ ಫೋರ್ ಸೀಸದ ಸಂಯುಕ್ತದ ಲೇಪನ ಹಚ್ಚಿದ ಫಲಕಗಳನ್ನು ತಯಾರಿಸಿದಾಗ ಉದ್ಯಮಕ್ಕೆ ದಾರಿ ತೆರೆಯಿತು. ಪ್ಲಾಂಟೆ 1889ರ ಮೇ 21ರಂದು ತೀರಿಕೊಂಡರು. ಬ್ಯಾಟರಿಯಿಂದ ಚಾಲೂ ಆಗುವ ಕಾರು ಮಾರುಕಟ್ಟೆಗೆ ಬಂದದ್ದು 1912ರಲ್ಲಿ. ಅದನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ.

ಇಂದಿನ ಕಾರಿನ ಬ್ಯಾಟರಿಯಲ್ಲಿ ಅವರದೇ ಬಗೆಯ ಆರು ಕೋಶಗಳಿವೆ. ಪ್ರತಿಯೊಂದೂ ಸುಮಾರು 2.1 ವೋಲ್ಟ್. ಎಂಜಿನ್ ನಿಲ್ಲಿಸಿ ಕೆಲವು ಗಂಟೆ ಬಿಟ್ಟು ಮಲ್ಟಿಮೀಟರ್ ಇಟ್ಟರೆ ಸುಮಾರು 12.6 ವೋಲ್ಟ್ ತೋರಿಸಬೇಕು. 12ಕ್ಕಿಂತ ಕೆಳಗಿಳಿದರೆ ಚಾರ್ಜ್ ಬಹುಪಾಲು ತೀರಿದೆ ಎಂದರ್ಥ. ಎಂಜಿನ್ ಓಡುವಾಗ ಸಾಮಾನ್ಯವಾಗಿ 14ರ ಆಸುಪಾಸು ಇರುತ್ತದೆ. 12ರ ಹತ್ತಿರವೇ ನಿಂತರೆ ದೋಷ ಆಲ್ಟರ್ನೇಟರ್ ಕಡೆಗಿರಬಹುದು. ಮುಚ್ಚಳ ತೆಗೆಯಬಹುದಾದ ಬ್ಯಾಟರಿಯಾದರೆ ಹೈಡ್ರೋಮೀಟರ್‌ನಿಂದ ಆಮ್ಲದ ಸಾಂದ್ರತೆ ನೋಡಬಹುದು. ಒಂದೇ ಕೋಶದಲ್ಲಿ ಅಳತೆ ತೀರಾ ಕಡಿಮೆಯಿದ್ದರೆ ಆ ಕೋಶ ಕೆಟ್ಟಿದೆ.

ಮಟ್ಟ ಇಳಿದಾಗ ಹಾಕಬೇಕಾದ್ದು ಡಿಸ್ಟಿಲ್ಡ್ ವಾಟರ್ ಮಾತ್ರ. ನಲ್ಲಿ ನೀರಲ್ಲ, ಆಮ್ಲವೂ ಅಲ್ಲ. ಟರ್ಮಿನಲ್ ಬಿಚ್ಚುವಾಗ ಮೊದಲು ಮೈನಸ್, ಜೋಡಿಸುವಾಗ ಕೊನೆಗೆ ಮೈನಸ್. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುವುದರಿಂದ ಹತ್ತಿರ ಬೆಂಕಿಕಡ್ಡಿ ಗೀರಬಾರದು. ಕನ್ನಡಕ, ಕೈಗವಸು ಮರೆಯಬೇಡಿ.

ಎಲ್ಲಕ್ಕಿಂತ ಮುಖ್ಯವಾದುದು, ಬ್ಯಾಟರಿಯನ್ನು ಖಾಲಿಯಾಗಿ ಬಿಡಬಾರದು. ಬಿಟ್ಟರೆ ಫಲಕದ ಮೇಲಿನ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ, ಮತ್ತೆ ಚಾರ್ಜ್ ಹಿಡಿಯದು. ಪ್ಲಾಂಟೆ ತಿಂಗಳುಗಟ್ಟಲೆ ಪಳಗಿಸಿದ ಫಲಕವನ್ನು ಕೆಲವು ವಾರಗಳ ಅಲಕ್ಷ್ಯ ಕೆಡಿಸಬಲ್ಲದು.

ವಿದ್ಯಾರ್ಥಿ ಮಿತ್ರರೇ, ದ್ವಿತೀಯ ಪಿಯುಸಿ ರಸಾಯನಶಾಸ್ತ್ರದಲ್ಲಿ ಸೀಸದ ಸಂಗ್ರಹ ಕೋಶದ ಸಮೀಕರಣ ಬರೆಯುವಾಗ, ಅದರ ಹಿಂದಿನ ಈ ತಾಳ್ಮೆಯನ್ನೂ ಒಮ್ಮೆ ನೆನೆಯಿರಿ.